ಹದಿನಾಲ್ಕನೇ ಪ್ರಶ್ನೆ

ಐವತ್ತು ದಾಟಿದ ಹೆಂಗಸು, ಮನೆಯಲ್ಲಿ ಕಾಯಿಲೆಯ ಹಿರಿಯರು, ಬ್ಯಾಗಿನಲ್ಲಿ ಬರೆದಿಟ್ಟ ರಾಜೀನಾಮೆ ಪತ್ರ. ಎರಡು ವರ್ಷದಲ್ಲಿ ಇಂಥ ಏಳೆಂಟು ಮಂದಿ ಆಪ್ತಸಲಹೆಗೆಂದು ಬಂದು ನನ್ನೆದುರು ಕೂತು ಎದ್ದುಹೋಗಿದ್ದಾರೆ. ಒಬ್ಬರು ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ. ಈ ವಿಷಯದಲ್ಲಿ ಅವರಿಗೆ ಗೊತ್ತಿರುವುದರ ಕಾಲುಭಾಗವೂ ನನಗೆ ಗೊತ್ತಿರಲಿಲ್ಲ.

ಶಾರದಾ ಎನ್ನೋಣ (ಹೆಸರು, ವಿವರ ಬದಲಿಸಿದ್ದೇನೆ). 54 ವರ್ಷದ ಪ್ರಾಧ್ಯಾಪಕಿ. ವಯಸ್ಸಾಗುತ್ತಿರುವ ನೌಕರರು ಕೆಲಸ ಮತ್ತು ಮನೆಯನ್ನು ಹೇಗೆ ಸರಿದೂಗಿಸುತ್ತಾರೆ ಎಂಬುದೇ ಅವರ ಸಂಶೋಧನೆ. ಮನೆಯಲ್ಲಿ ಮರೆವಿನ ಕಾಯಿಲೆಯ ತಂದೆ. ಅವರು ಕನ್ನಡಕವನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಡುತ್ತಾರೆಂದು ಇನ್ನೊಂದನ್ನು ಮಗಳು ತನ್ನ ಬ್ಯಾಗಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದರು.

ಮೊದಲ ಎರಡು ಭೇಟಿಯಲ್ಲಿ ಅವರು ಹೇಳಿದ್ದೆಲ್ಲ ನನಗೇ ಪಾಠ. ಜಪಾನಿನಲ್ಲಿ ಮನೆಯ ಒಬ್ಬೊಬ್ಬರ ಆರೈಕೆಗೂ 93 ದಿನ ರಜೆ. ಬ್ರಿಟನ್ನಿನಲ್ಲಿ ಕೆಲಸದ ವೇಳೆ ಬದಲಿಸಿಕೊಡಿ ಎಂದು ಕೇಳುವ ಹಕ್ಕು 2024ರ ಏಪ್ರಿಲ್‌ನಿಂದ ಸೇರಿದ ಮೊದಲ ದಿನವೇ. ನಮ್ಮಲ್ಲಿ ಮಗುವಿಗಾದರೆ ಕೇಂದ್ರದ ಮಹಿಳಾ ನೌಕರರಿಗೆ 730 ದಿನ, ರಾಜ್ಯದವರಿಗೆ 2021ರಿಂದ 180 ದಿನ. "ಅಪ್ಪನಿಗೆ ಅಂತ ಬೇರೆ ರಜೆ ಎಲ್ಲಿದೆ ಮೇಡಂ?"

ಮೂರನೇ ಭೇಟಿಗೆ ತಾವು ಸಿದ್ಧಪಡಿಸುತ್ತಿದ್ದ ಪ್ರಶ್ನಾವಳಿ ತಂದಿದ್ದರು. "ಇಲ್ಲೇ ತುಂಬಿ" ಅಂದೆ. ನಕ್ಕು, ಪೆನ್ನು ತೆಗೆದು ಸರಸರ ಗುರುತು ಹಾಕುತ್ತ ಹೋದರು. ಹದಿನಾಲ್ಕನೆಯದು: 'ಮನೆಯ ಕಾರಣಕ್ಕೆ ಕೆಲಸದ ವೇಳೆ ಬದಲಿಸುವಂತೆ ಮೇಲಧಿಕಾರಿಯನ್ನು ಕೇಳಬಲ್ಲಿರಾ?' ಹೌದು ಎಂದು ಗೀಚಿದರು. ಪೆನ್ನು ಅಲ್ಲೇ ನಿಂತಿತು.

"ಸುಳ್ಳು ಬರೆದೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಹಾಗಾದರೆ ಉಳಿದವರೂ ಇದನ್ನೇ ಬರೆದಿರುತ್ತಾರೆ."

ಮೊದಲನೆಯದು ನನಗೆ ಬೇಕಿದ್ದ ಮಾತು. ಎರಡನೆಯದನ್ನು ನಾನು ಬೆಳೆಯಲು ಬಿಡಲಿಲ್ಲ. ಅದು ಮತ್ತೆ ಸಂಶೋಧನೆಯೊಳಗೆ ಅಡಗಿಕೊಳ್ಳುವ ದಾರಿ. ಯಾಕೆ ಕೇಳಲಾಗದು ಎಂದೆ. "ಕೇಳಿದ ದಿನವೇ 'ಮೇಡಂಗೆ ವಯಸ್ಸಾಯ್ತು' ಅಂತಾರೆ. ಅದರ ಮೇಲೆಯೇ ಎಷ್ಟು ಬರೆದಿದ್ದೇನೆ!"

ನನ್ನ ಸಲಹೆ ಎರಡೇ. ರಾಜೀನಾಮೆಯನ್ನು ಆರು ತಿಂಗಳು ಮುಟ್ಟಬೇಡಿ. ಇವತ್ತೇ ಅರ್ಜಿ ಬರೆಯಿರಿ: ಮಂಗಳವಾರ, ಗುರುವಾರದ ಮೊದಲ ಪೀರಿಯಡ್ 11 ಗಂಟೆಯ ನಂತರಕ್ಕೆ, ಒಂದು ಸೆಮಿಸ್ಟರ್ ಮಟ್ಟಿಗೆ. ಅದರಲ್ಲಿ 'ದಯವಿಟ್ಟು ಕ್ಷಮಿಸಿ' ಬೇಡ. ಜೊತೆಗೆ, ಮೈಸೂರಿನಲ್ಲಿರುವ ತಮ್ಮನಿಗೂ ಒಂದು ಫೋನು. ಅದು ಅರ್ಜಿಗಿಂತ ಕಷ್ಟವಾಯಿತು.

ಅರ್ಜಿ ಬರೆಸುವುದು ಆಪ್ತಸಲಹೆಯೇ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಇರಬಹುದು. ಆದರೆ ಅಮ್ಮನಿಗಾಗಿ ಕೆಲಸ ಬಿಟ್ಟು, ಅಮ್ಮ ಹೋದ ಮೂರನೇ ತಿಂಗಳಿಗೆ ಬೆಳಿಗ್ಗೆ ಏಳುವುದಕ್ಕೇ ಕಾರಣ ಸಿಗದೆ ನನ್ನಲ್ಲಿಗೆ ಬಂದವರನ್ನು ಕಂಡಿದ್ದೇನೆ. ಅವರ ದುಃಖ ಕೇಳಲು ನನಗೆ ಬರುತ್ತದೆ, ಕೆಲಸ ವಾಪಸು ಕೊಡಿಸಲು ಬರುವುದಿಲ್ಲ. ಸೇವೆ ಮಾಡಬೇಕಾದದ್ದು ಮಗಳೇ ಎಂಬ ಲೆಕ್ಕದ ಮೇಲೂ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ.

ಗುರುವಾರ ಮಾತ್ರ ಸಿಕ್ಕಿತು. ತಮ್ಮ ತಿಂಗಳಿಗೆ ಎರಡು ಶನಿವಾರ ಬರುತ್ತಾನೆ, ಮೂರನೆಯದಕ್ಕೆ ಜಗಳ ನಡೆದಿದೆ. ಮಂಗಳವಾರ ಶಾರದಾ ಈಗಲೂ ಕನ್ನಡಕ ಹುಡುಕಿಕೊಟ್ಟು, ಬಸ್ಸಿಗೆ ಓಡುತ್ತಾರೆ.