ರಾಕ್ ಸಂಗೀತದ ಬಿರುಸಿನ ಪ್ರಕಾರವಾದ ಮೆಟಲ್‌ನಲ್ಲಿ ಅಬ್ಬರ ಬಿಟ್ಟರೆ ಹೇಳುವ ವಿಷಯವೇನಾದರೂ ಇರುತ್ತದೆಯೇ?

ಖಂಡಿತ ಇರುತ್ತದೆ. ಮೆಟಾಲಿಕಾ ತಂಡ 1988ರಲ್ಲಿ ಹೊರತಂದ ‘ಆ್ಯಂಡ್ ಜಸ್ಟಿಸ್ ಫಾರ್ ಆಲ್’ ಆಲ್ಬಮ್ ಕೇಳಿ. ಶೀರ್ಷಿಕೆ ಗೀತೆ ಹಣಕ್ಕೆ ಮಾರಾಟವಾದ ನ್ಯಾಯದ ಬಗ್ಗೆ, ‘ಬ್ಲ್ಯಾಕನ್ಡ್’ ಹಾಳಾಗುವ ಭೂಮಿಯ ಬಗ್ಗೆ.

ನನ್ನನ್ನು ಅಲುಗಾಡಿಸಿದ್ದು ಇದೇ ಆಲ್ಬಮ್ಮಿನ ‘ಒನ್’ ಹಾಡು. ಯುದ್ಧದಲ್ಲಿ ಕೈಕಾಲು, ಕಣ್ಣು, ಕಿವಿ, ಮಾತು ಎಲ್ಲವನ್ನೂ ಕಳೆದುಕೊಂಡ ಸೈನಿಕ ತನ್ನ ದೇಹದೊಳಗೇ ಸೆರೆಯಾಗಿ ಸಾವನ್ನು ಬೇಡುತ್ತಾನೆ. ಮೆಲ್ಲನೆ ಶುರುವಾದ ಗಿಟಾರ್ ಕೊನೆಗೆ ಡ್ರಮ್ಮಿನೊಂದಿಗೆ ಮೆಷಿನ್ ಗನ್ನಿನಂತೆ ಸಿಡಿಯುತ್ತದೆ. ತಲೆಮಾರುಗಳಿಂದ ಸೇನೆಗೆ ಮಕ್ಕಳನ್ನು ಕಳುಹಿಸುತ್ತಲೇ ಬಂದಿರುವ ಕೊಡಗಿನಲ್ಲಿ ಕುಳಿತು ಇದನ್ನು ಕೇಳುವುದು ಸುಲಭವಲ್ಲ. ಮಡಿಕೇರಿಯ ಒಂದು ಮಳೆಗಾಲದ ರಾತ್ರಿ ನಾನು ನಡುವೆಯೇ ನಿಲ್ಲಿಸಿಬಿಟ್ಟಿದ್ದೆ.

‘ಡೈಯರ್ಸ್ ಈವ್’ ತೀರಾ ಖಾಸಗಿ: ಲೋಕದ ಗಾಳಿ ಸೋಕದಂತೆ ಬೆಳೆಸಿದ ತಂದೆತಾಯಿಯ ಮೇಲೆ ಮಗನ ಸಿಟ್ಟು. ಆಲ್ಬಮ್ಮಿನಲ್ಲಿ ತಗ್ಗಿನ ಸ್ವರ ನುಡಿಸುವ ಬಾಸ್ ಗಿಟಾರ್ ಬಹುತೇಕ ಕೇಳಿಸುವುದೇ ಇಲ್ಲ, ಅದೊಂದು ಬೇಸರ.