ಸೆನೆಗಲ್‌ ಊಟದ ತಟ್ಟೆಯಲ್ಲೇ ಉತ್ತರ ಇದೆ

ಪಶ್ಚಿಮ ಆಫ್ರಿಕಾದ ಸೆನೆಗಲ್‌ಗೆ ಫ್ರಾನ್ಸ್ ಕೈಯಿಂದ 1960ರಲ್ಲೇ ಸ್ವಾತಂತ್ರ್ಯ ಬಂತು, ಇನ್ನೂ ಫ್ರೆಂಚರನ್ನು ದೂರುವುದು ಯಾಕೆ ಅಂತ ಕೇಳಿದ್ದೀರಿ. ಅವರ ಊಟದ ತಟ್ಟೆ ನೋಡಿ. ಚೆಬುಜೆನ್ ಅಂದರೆ ಅಲ್ಲಿನವರಿಗೆ ಪ್ರಾಣ: ಮೀನು, ಟೊಮೆಟೊ, ತರಕಾರಿ ಹಾಕಿ ಮಾಡುವ ಅನ್ನ. ಅದಕ್ಕೆ ನುಚ್ಚಕ್ಕಿಯೇ ಬೇಕು, ನಮ್ಮಲ್ಲಿ ಕೋಳಿಗೆ ಎರಚುತ್ತೇವಲ್ಲ, ಅದೇ!

ಫ್ರೆಂಚರು ಎಣ್ಣೆಗೋಸ್ಕರ ಅಲ್ಲಿನ ರೈತರನ್ನು ಶೇಂಗಾಕ್ಕೆ ಹಚ್ಚಿದರು, ಸಜ್ಜೆ ಹೊಲಗಳು ಹಿಂದೆ ಬಿದ್ದವು, ಹೊಟ್ಟೆಗೇನು ಅಂದರೆ ತಮ್ಮದೇ ಇನ್ನೊಂದು ವಸಾಹತು ಇಂಡೋಚೈನಾದ (ಈಗಿನ ವಿಯೆಟ್ನಾಂ ಸುತ್ತಮುತ್ತ) ಗಿರಣಿಗಳಲ್ಲಿ ಮಿಕ್ಕ ಅಗ್ಗದ ನುಚ್ಚನ್ನು ಹಡಗಲ್ಲಿ ತಂದು ಸುರಿದರು. ನಾಲಿಗೆಗೆ ರುಚಿ ಹತ್ತಿತು, ಆಮದು ನಿಲ್ಲಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಭಾರತ ನುಚ್ಚಕ್ಕಿ ರಫ್ತು ನಿಷೇಧಿಸಿದಾಗ ಅವರಿಗೂ ತಲೆಬಿಸಿ ಆಗಿದ್ದು ಇದಕ್ಕೇ.

ಇನ್ನು ದುಡ್ಡು. 1945ರಲ್ಲಿ ಫ್ರಾನ್ಸ್ ಹುಟ್ಟುಹಾಕಿದ ಸಿಎಫ್‌ಎ ಫ್ರಾಂಕೇ ಈಗಲೂ ಚಲಾವಣೆಯಲ್ಲಿದೆ, ಯೂರೋಗೆ ಇಂತಿಷ್ಟೇ ಅಂತ ಬೆಲೆ ಗಂಟು ಹಾಕಿಕೊಂಡು. ಬೆಲೆ ಏರಿಕೆ ಹಿಡಿತದಲ್ಲಿರುವುದು ಅದರಿಂದಲೇ, ಸುಳ್ಳಲ್ಲ. ಆದರೆ 1994ರ ಜನವರಿಯಲ್ಲಿ ಅದರ ಬೆಲೆ ಒಂದೇ ಏಟಿಗೆ ಅರ್ಧವಾಯಿತು. ಆಮದು ಅಕ್ಕಿ ತಿನ್ನುವವರ ಪಾಡು ಯೋಚಿಸಿ. ಆಮೇಲಿನ ಸರ್ಕಾರಗಳದ್ದೂ ತಪ್ಪಿದೆ, ಇಲ್ಲ ಅನ್ನಲ್ಲ, ಆದರೆ ಅರವತ್ತು ವರ್ಷ ಸಾಲದಾ ಅಂತ ಸುಮ್ನೆ ಕೇಳಿಬಿಡುವುದು ಸರಿಯಲ್ಲ ಅಲ್ವಾ?