ಹೆಂಗಸರಿಗೆ ಉಳಿತಾಯ ಗೊತ್ತಿಲ್ಲ ಅನ್ನಬೇಡಿ: ನನ್ನ 7 ವರ್ಷದ ಪಿಂಚಣಿ ಹೋದದ್ದು ಹೀಗೆ

ಮಗು ಚಿಕ್ಕದು, 6 ವರ್ಷದ ಕೆಲಸ ಬಿಡುತ್ತಿದ್ದೇನೆ, ಪಿಎಫ್ ಪೂರ್ತಿ ತೆಗೆದುಬಿಡಲಾ ಅಂತ ಕೇಳಿದ್ದೀರಿ. ನಮ್ಮ ದೇಶದಲ್ಲಿ ವಯಸ್ಸಾದ ಹೆಂಗಸರ ಕೈ ಬರಿದಾಗಿರುವುದು ಉಳಿತಾಯದ ಅರಿವಿಲ್ಲದೆಯೋ, ಸರ್ಕಾರದ ನಿಯಮಗಳಿಂದಲೋ ಅಂತಲೂ ಕೇಳಿದ್ದೀರಿ. ಓದಿ ಎದೆ ಧಸಕ್ಕೆಂದಿತು. 2003ರಲ್ಲಿ ನನ್ನದೂ ಇದೇ ಪರಿಸ್ಥಿತಿ.

1996ರಲ್ಲಿ, 22ನೇ ವಯಸ್ಸಿಗೆ ಒಂದು ಗಾರ್ಮೆಂಟ್ಸ್‌ಗೆ ಸೇರಿದೆ. ಮೊದಲು ಹೆಲ್ಪರ್, ಆಮೇಲೆ ಟೈಲರ್. 7 ವರ್ಷ ಒಂದು ತಿಂಗಳೂ ತಪ್ಪದೆ ಪಿಎಫ್ ಕಟ್ ಆಯಿತು. ಅಷ್ಟರಲ್ಲಿ ಮದುವೆ ಗೊತ್ತಾಯಿತು. ಗಂಡನ ಮನೆ ಬೇರೆ ಊರು, ಕೆಲಸ ಬಿಟ್ಟೆ. ಆಗಿನ ನಿಯಮದಲ್ಲಿ ಕೆಲಸ ಬಿಟ್ಟವರು ಪಿಎಫ್ ಹಣ ಪೂರ್ತಿ ತೆಗೆಯಬೇಕಾದರೆ ಎರಡು ತಿಂಗಳು ಕಾಯಬೇಕಿತ್ತು. ಮದುವೆಗೆಂದು ಕೆಲಸ ಬಿಡುವ ಹೆಂಗಸರು ಮಾತ್ರ ಕಾಯಬೇಕಿರಲಿಲ್ಲ. ನಮಗೆಲ್ಲ ಅದು ದೊಡ್ಡ ಅನುಕೂಲ ಅನ್ನಿಸಿತ್ತು. ಅಪ್ಪನಿಗೂ ಛತ್ರಕ್ಕೆ ಅಡ್ವಾನ್ಸ್ ಕಟ್ಟಬೇಕಿತ್ತು. ಹೆಣ್ಣು ಮದುವೆಯಾದರೆ ಅವಳ ದುಡಿಮೆ ಅಲ್ಲಿಗೆ ಮುಗಿಯಿತು ಅಂತ ಆ ನಿಯಮ ಬರೆದವರು ಎಣಿಸಿದ್ದರು ಅಂತ ಈಗ ಅನ್ನಿಸುತ್ತದೆ.

ನಾನು ತಪ್ಪಿದ್ದು ಇಲ್ಲೇ. ಇದನ್ನು ಬಿಡಿಸಿ ಹೇಳುತ್ತೇನೆ, ನನಗೆ ಯಾರೂ ಹೇಳಿರಲಿಲ್ಲ. ಪಿಎಫ್ ಅಂದರೆ ಒಂದೇ ಗಂಟು ಅಂದುಕೊಂಡಿದ್ದೆ. ಅದು ಎರಡು. ನಮ್ಮ ಸಂಬಳದಲ್ಲಿ ಕಟ್ ಆಗುವುದು ಪಿಎಫ್ ಖಾತೆಗೆ ಹೋಗುತ್ತದೆ. ಮಾಲೀಕರು ಹಾಕುವ ಪಾಲಿನಲ್ಲಿ, ಸಂಬಳದ 8.33 ಪರ್ಸೆಂಟ್‌ನಷ್ಟು ಪಿಂಚಣಿಗೆ ಹೋಗುತ್ತದೆ. ಅದೇ 1995ರ ಇಪಿಎಸ್ ಯೋಜನೆ. ಪಿಎಫ್ ಹಣಕ್ಕೆ ಫಾರಂ 19, ಪಿಂಚಣಿ ಭಾಗಕ್ಕೆ ಫಾರಂ 10ಸಿ. ಸರ್ವಿಸ್ 10 ವರ್ಷ ತುಂಬದವರಿಗೆ ಈ 10ಸಿಯಲ್ಲಿ ಎರಡು ದಾರಿ ಇದೆ. ಒಂದು, ಹಣ ತಗೊಳ್ಳುವುದು. ಇನ್ನೊಂದು, ಸ್ಕೀಮ್ ಸರ್ಟಿಫಿಕೇಟ್ ತಗೊಳ್ಳುವುದು. ಹಣ ತಗೊಂಡರೆ ಅಷ್ಟೂ ವರ್ಷದ ಸರ್ವಿಸ್ ಅಳಿಸಿಹೋಗುತ್ತದೆ. ಸರ್ಟಿಫಿಕೇಟ್ ತಗೊಂಡರೆ ವರ್ಷಗಳು ಹಾಗೇ ಉಳಿಯುತ್ತವೆ, ಮುಂದೆ ಪಿಎಫ್ ಇರುವ ಕಡೆ ಸೇರಿದಾಗ ಅಲ್ಲಿನ ಸರ್ವಿಸ್‌ಗೆ ಕೂಡುತ್ತವೆ. ತಿಂಗಳ ಪಿಂಚಣಿಗೆ 10 ವರ್ಷ ಸರ್ವಿಸ್ ಬೇಕೇ ಬೇಕು.

ಎರಡೂ ಫಾರಂ ಮುಂದಿಟ್ಟು "ಸೈನ್ ಹಾಕಮ್ಮ" ಅಂದರು. ಹಾಕಿದೆ. ಪಿಂಚಣಿ ಭಾಗಕ್ಕೆ ಬಂದದ್ದು 20,000 ರೂಪಾಯಿ ಆಸುಪಾಸು. 7 ವರ್ಷವನ್ನು ನಾನು ಮಾರಿದ್ದು ಅಷ್ಟಕ್ಕೆ.

ಚಿಕ್ಕ ಮಗಳು ಸ್ಕೂಲಿಗೆ ಸೇರಿದ ಮೇಲೆ, 2012ರಲ್ಲಿ, ಮತ್ತೆ ಕೆಲಸಕ್ಕೆ ಹೋದೆ. 2020ರಲ್ಲಿ ಅತ್ತೆಗೆ ಲಕ್ವ ಹೊಡೆಯಿತು. ಯಾರು ಮನೆಯಲ್ಲಿರಬೇಕು ಅನ್ನೋ ಮಾತೇ ಬರಲಿಲ್ಲ. ನನ್ನ ಸಂಬಳ ಕಡಿಮೆ, ನಾನೇ ಬಿಟ್ಟೆ. 7 ಮತ್ತು 8, ಒಟ್ಟು 15 ವರ್ಷ ಆಯಿತಲ್ಲ, ಪಿಂಚಣಿ ಗಟ್ಟಿ ಅಂದುಕೊಂಡು ವಿಚಾರಿಸಲು ಹೋದೆ. ಕೌಂಟರ್‌ನಲ್ಲಿದ್ದ ಹುಡುಗಿ ಕೇಳಿದಳು: "ಹಳೇ ಕೆಲಸ ಬಿಟ್ಟಾಗ 10ಸಿ ಹಣ ತಗೊಂಡಿದ್ರಾ ಅಕ್ಕಾ? ಹಾಗಿದ್ರೆ ನಿಮ್ಮದು ಎಂಟೇ ವರ್ಷ." ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಬಸ್ಸಿಗೆ ಹೋಗಲು ಕಾಲೇ ಬರಲಿಲ್ಲ. ಸ್ಕೀಮ್ ಸರ್ಟಿಫಿಕೇಟ್ ಅನ್ನೋ ಮಾತನ್ನು ಮೊದಲ ಸಲ ಕೇಳಿದ್ದು ಆ ಹುಡುಗಿಯ ಬಾಯಲ್ಲೇ. ಆ 8 ವರ್ಷಕ್ಕೆ ಅದನ್ನು ಮಾಡಿಸಿಕೊಂಡೆ.

ಅತ್ತೆ ತೀರಿಕೊಂಡ ಮೇಲೆ, 2022ರಲ್ಲಿ, 48ನೇ ವಯಸ್ಸಿಗೆ ಮತ್ತೆ ಮೆಷಿನ್ ಮುಂದೆ ಕೂತೆ. ಬೆನ್ನುನೋವು ಕಟ್ಟಿಕೊಂಡು ಎರಡು ವರ್ಷ ದುಡಿದು 10 ತುಂಬಿಸಿದೆ. ಪಿಂಚಣಿಯ ಲೆಕ್ಕ ಸುಲಭ: ಕೊನೆಯ 60 ತಿಂಗಳ ಸರಾಸರಿ ಸಂಬಳವನ್ನು ಸರ್ವಿಸ್ ವರ್ಷದಿಂದ ಗುಣಿಸಿ, 70ರಿಂದ ಭಾಗಿಸಬೇಕು. ನನ್ನ ಸರಾಸರಿ 12,000. 10 ವರ್ಷಕ್ಕೆ 58ನೇ ವಯಸ್ಸಿನಿಂದ ತಿಂಗಳಿಗೆ 1,714 ರೂಪಾಯಿ. 17 ವರ್ಷವೂ ಇದ್ದಿದ್ದರೆ 2,914 ಆಗುತ್ತಿತ್ತು. ಸಾಯುವವರೆಗೆ ಪ್ರತಿ ತಿಂಗಳೂ 1,200 ರೂಪಾಯಿ ಕಡಿಮೆ. ಅವತ್ತಿನ ಆ 20,000 ಒಂದೂವರೆ ವರ್ಷದ ಪಿಂಚಣಿಗೂ ಸಮ ಬರುವುದಿಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ. ಅರಿವಿನ ಮಾತನ್ನು ನಾನು ಒಪ್ಪುವುದಿಲ್ಲ. ನನ್ನ ಗಂಡನಿಗೆ 10ಸಿ ಅಂದರೇನು ಅಂತ ಇವತ್ತಿಗೂ ಗೊತ್ತಿಲ್ಲ. ಆದರೂ ಅವರ ಒಂದು ವರ್ಷವೂ ಹೋಗಿಲ್ಲ, ಯಾಕೆಂದರೆ ಅವರು ಒಮ್ಮೆಯೂ ಕೆಲಸ ಬಿಡಬೇಕಾಗಿ ಬರಲಿಲ್ಲ. 10 ವರ್ಷದ ನಿಯಮ ಕಾಗದದ ಮೇಲೆ ಎಲ್ಲರಿಗೂ ಒಂದೇ. ಆದರೆ ಸರ್ಕಾರದ್ದೇ 2019ರ ಸಮಯ ಬಳಕೆ ಸಮೀಕ್ಷೆ ನೋಡಿ. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಾರೆ, ಗಂಡಸರು 97. ನಾನು ಅತ್ತೆಯ ಮಗ್ಗುಲು ಬದಲಿಸುತ್ತಾ, ಊಟ ಮಾಡಿಸುತ್ತಾ ಕಳೆದ ಎರಡು ವರ್ಷ ಯಾವ ಸರ್ವಿಸ್ ಪುಸ್ತಕದಲ್ಲೂ ಇಲ್ಲ. ಲೆಕ್ಕಕ್ಕೆ ಹಿಡಿಯಲು ಆಗದ್ದೇನಲ್ಲ. ಜರ್ಮನಿಯಲ್ಲಿ 1992ರಿಂದ ಈಚೆಗೆ ಹುಟ್ಟಿದ ಒಂದೊಂದು ಮಗುವಿಗೂ 3 ವರ್ಷವನ್ನು ಸಾಮಾನ್ಯವಾಗಿ ತಾಯಿಯ ಪಿಂಚಣಿಗೆ ಸೇರಿಸುತ್ತಾರೆ. ನಮ್ಮಲ್ಲಿ ಹೆಂಗಸರಿಗೆ ಸಿಗುವುದು ಉಳಿತಾಯದ ಬಗ್ಗೆ ತಿಳುವಳಿಕೆಯ ಮಾತು ಮಾತ್ರ, ಅಲ್ವಾ?

ನಿಮ್ಮ 6 ವರ್ಷದ ಪಿಂಚಣಿ ಭಾಗವನ್ನು ಮುಟ್ಟಬೇಡಿ. ಮನೆಯಲ್ಲಿ ಯಾರೇ ಹೇಳಲಿ, ಮುಟ್ಟಬೇಡಿ. ತೀರಾ ಕಷ್ಟ ಅಂದರೆ ಪಿಎಫ್ ಭಾಗದಿಂದ ತೆಗೆಯಿರಿ, 10ಸಿಯಲ್ಲಿ ಸರ್ಟಿಫಿಕೇಟ್ ಅನ್ನೇ ಕೇಳಿ. "ಇನ್ನು ಮುಂದೆ ಕೆಲಸಕ್ಕೆ ಹೋಗಲ್ಲ" ಅಂತ ಬರೆದಿದ್ದೀರಿ. 2003ರಲ್ಲಿ ನಾನೂ ಹಾಗೇ ಅಂದಿದ್ದೆ. ಆಮೇಲೆ ಎರಡು ಸಲ ಹೋದೆ. ಮತ್ತೆ ಸೇರುವಾಗ ಹಳೇ ಯುಎಎನ್ ನಂಬರನ್ನೇ (ಎಲ್ಲಿ ಕೆಲಸ ಮಾಡಿದರೂ ಬದಲಾಗದ ನಿಮ್ಮ ಪಿಎಫ್ ನಂಬರ್) ಕೊಡಿ, ಹೊಸದು ಮಾಡಿಸಬೇಡಿ. ಫಾರಂ ತುಂಬುವಾಗ ಯಾವ ಸಾಲು ಅರ್ಥವಾಗದಿದ್ದರೂ ಸೈನ್ ಹಾಕುವ ಮೊದಲು ಇಲ್ಲಿ ಕೇಳಿ, ನಾನು ನೋಡಿ ಹೇಳುತ್ತೇನೆ.